ಬಿಚ್ಚುವ ಮೊದಲು ಅಳೆಯಿರಿ: ಹಳೆಯ ಕಾರಿನ ಕೂಲಂಟ್ ಟೆಂಪರೇಚರ್ ಸೆನ್ಸರ್ ಮನೆಯಲ್ಲೇ ಬದಲಿಸುವ ಕ್ರಮ

ಕಳೆದ ಬೇಸಿಗೆಯಿಂದ ಈಚೆಗೆ ಐದು ಗಾಡಿಗಳು ದಾವಣಗೆರೆಯ ನಮ್ಮ ಮನೆ ಮುಂದೆ ಒಂದೇ ಕಾಯಿಲೆ ಹೊತ್ತು ಬಂದು ನಿಂತಿವೆ. ಎಲ್ಲವೂ ಹತ್ತು-ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳು. ಬೆಳಿಗ್ಗೆ ಸ್ಟಾರ್ಟ್ ಆಗುತ್ತವೆ, ಹರಿಹರ ಮುಟ್ಟುವಷ್ಟರಲ್ಲಿ ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಕೆಲವಕ್ಕೆ ರೇಡಿಯೇಟರ್ ಫ್ಯಾನ್ ಕೀ ಹಾಕಿದ ಕೂಡಲೇ ಶುರುವಾಗಿ ನಿಲ್ಲುವುದೇ ಇಲ್ಲ. ಐವರಲ್ಲಿ ನಾಲ್ವರು ಬರುವಾಗಲೇ ಹೊಸ ಸೆನ್ಸರ್ ಕೊಂಡು ತಂದಿದ್ದರು. ನನ್ನ ಅಕ್ಕನ ಮಗ ಎರಡನೆಯದನ್ನು ಹಿಡಿದು ಬಂದಿದ್ದ. "ಮಾವ, ಮೊದಲ್ನೇದು ಡೂಪ್ಲಿಕೇಟ್ ಕೊಟ್ಟಾರ ಅನಸ್ತೈತಿ, ಇದನ್ನ ಹಾಕಿಕೊಡು" ಅಂದ. ಬಾನೆಟ್ ಎತ್ತಿ ಕಪ್ಲರ್, ಅಂದರೆ ಸೆನ್ಸರಿಗೆ ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್ಗು, ಕಳಚಿದೆ. ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಹಾಗೆ ಒಳಗೆ ಹಸಿರು ಕಿಲುಬು. ಅವನು ತಂದ ಎರಡು ಸೆನ್ಸರೂ ಸರಿ ಇದ್ದವು, ಗಾಡಿಯಲ್ಲಿದ್ದ ಹಳೆಯದೂ ಸರಿ ಇತ್ತು.

ಸೆನ್ಸರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಜನ ಸೋಲುವುದು ಅದರ ಹಿಂದೆ ಮತ್ತು ಮುಂದೆ: ಅಳೆಯದೆ ಬಿಚ್ಚುತ್ತಾರೆ, ಗಾಳಿ ತೆಗೆಯದೆ ಮುಚ್ಚಳ ಹಾಕುತ್ತಾರೆ. ಅದಕ್ಕೇ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೂರನೇ ಹಂತದಲ್ಲೇ ನಿಮ್ಮ ಕೆಲಸ ಮುಗಿದುಹೋಗುವ ಸಾಧ್ಯತೆ ಬಹಳ ಇದೆ.

ಮೊದಲು ಇಷ್ಟು ತಿಳಿದಿರಲಿ

ಈ ಸೆನ್ಸರಿನ ತುದಿ ಇಂಜಿನ್ನಿನ ಕೂಲಂಟಿನಲ್ಲಿ, ಅಂದರೆ ಇಂಜಿನ್ ತಣ್ಣಗಿಡುವ ದ್ರವದಲ್ಲಿ, ಮುಳುಗಿರುತ್ತದೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಂತೆ ಕಮ್ಮಿ. ಇಸಿಎಂ (ಇಂಜಿನ್ ನಡೆಸುವ ಗಾಡಿಯ ಕಂಪ್ಯೂಟರ್) 5 ವೋಲ್ಟ್ ಕಳಿಸಿ, ಎಷ್ಟು ಉಳಿಯಿತು ಅಂತ ನೋಡಿ ಇಂಜಿನ್ ಎಷ್ಟು ಬಿಸಿ ಅಂತ ಲೆಕ್ಕ ಹಾಕುತ್ತದೆ. ಇಂಜಿನ್ ತಣ್ಣಗಿದೆ ಅಂತ ಅದಕ್ಕೆ ಅನ್ನಿಸಿದರೆ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಚೋಕ್ ಎಳೆದ ಹಾಗೆ. ಬಿಸಿಯಾದ ಇಂಜಿನ್ನಿಗೂ ಚೋಕ್ ಎಳೆದೇ ಇಟ್ಟರೆ ಏನಾಗುತ್ತದೋ, ಈ ಸೆನ್ಸರ್ ಸುಳ್ಳು ಹೇಳಿದಾಗಲೂ ಅದೇ ಆಗುತ್ತದೆ.

ಪೂರ್ತಿ ಸತ್ತ ಸೆನ್ಸರ್ ಹಿಡಿಯುವುದು ಸುಲಭ. ವೈರ್ ಕಡಿದಿದ್ದರೆ ಅಥವಾ ಸೆನ್ಸರ್ ಒಳಗೆ ತುಂಡಾಗಿದ್ದರೆ ಚೆಕ್ ಇಂಜಿನ್ ಲೈಟ್ ಬರುತ್ತದೆ, ಇಸಿಎಂ ಜೊತೆ ಮಾತಾಡುವ ಸ್ಕ್ಯಾನರಿನಲ್ಲಿ ಪಿ 0118 ಅನ್ನುವ ಕೋಡ್ ಕಾಣುತ್ತದೆ. ಶಾರ್ಟ್ ಆಗಿದ್ದರೆ ಪಿ 0117. ಆಗ ಬಹಳಷ್ಟು ಗಾಡಿಗಳಲ್ಲಿ ಇಸಿಎಂ ರಿಸ್ಕ್ ತೆಗೆದುಕೊಳ್ಳದೆ ಫ್ಯಾನನ್ನು ಸದಾ ಓಡಿಸುತ್ತದೆ. ಕಷ್ಟ ಇರುವುದು ಅರ್ಧಂಬರ್ಧ ಕೆಟ್ಟ ಸೆನ್ಸರಿನಲ್ಲಿ. ಅದು ಕೊಡುವ ಅಳತೆ ತಪ್ಪು, ಆದರೆ ಅಸಾಧ್ಯ ಅನ್ನಿಸುವಷ್ಟು ತಪ್ಪಲ್ಲ. ಇಸಿಎಂ ನಂಬುತ್ತದೆ, ಲೈಟ್ ಬರುವುದಿಲ್ಲ, ತಿಂಗಳಾನುಗಟ್ಟಲೆ ನಿಮ್ಮ ಪೆಟ್ರೋಲ್ ಹೋಗುತ್ತಿರುತ್ತದೆ.

ಹಂತ 1: ಯಾವ ಸೆನ್ಸರ್ ಅಂತ ಗುರುತಿಸಿ

ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪ್ ಹಿಡಿದು ಇಂಜಿನ್ ಕಡೆ ಕಣ್ಣು ಹಾಯಿಸಿ. ಅದು ಇಂಜಿನ್ ಸೇರುವ ಜಾಗದಲ್ಲಿ ಥರ್ಮೋಸ್ಟಾಟ್ (ಕೂಲಂಟ್ ಕಾದ ಮೇಲೆ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಬಾಗಿಲು) ಕೂರುವ ಅಲ್ಯುಮಿನಿಯಂ ಮನೆ ಇರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಸೆನ್ಸರ್ ಅಲ್ಲೇ, ಅಥವಾ ಅಲ್ಲಿಂದ ಒಂದು ಗೇಣು ಆಚೆ ಈಚೆ. ಹಿತ್ತಾಳೆಯ ಷಡ್ಭುಜ ತಲೆ, ಅದರ ಮೇಲೆ ಪ್ಲಾಸ್ಟಿಕ್ ಕಪ್ಲರ್.

ಹಳೆಯ ಗಾಡಿಗಳಲ್ಲಿ ಇಂಥವು ಎರಡು ಇರುವುದುಂಟು. ಒಂದೇ ವೈರ್ ಇರುವುದು ಮೀಟರ್ ಬೋರ್ಡಿನ ಮುಳ್ಳಿಗೆ. ಎರಡು ವೈರ್ ಇರುವುದು ಇಸಿಎಂಗೆ. ಎರಡನ್ನೂ ಒಂದರಲ್ಲೇ ಸೇರಿಸಿ ಮೂರು ವೈರ್ ಕೊಟ್ಟ ಗಾಡಿಗಳೂ ಇವೆ. "ಮೀಟರಿನಲ್ಲಿ ಮುಳ್ಳು ಸರಿಯಾಗೇ ತೋರಿಸ್ತೈತಲ್ಲ, ಸೆನ್ಸರ್ ಚೆನ್ನಾಗೈತಿ" ಅನ್ನುವವರು ಇದನ್ನೇ ಮರೆಯುತ್ತಾರೆ. ಮುಳ್ಳಿಗೂ ಪೆಟ್ರೋಲ್ ಲೆಕ್ಕಕ್ಕೂ ಎಷ್ಟೋ ಗಾಡಿಗಳಲ್ಲಿ ಸಂಬಂಧವೇ ಇಲ್ಲ. ತಪ್ಪು ಸೆನ್ಸರ್ ಬದಲಿಸಿ ದುಡ್ಡು ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಕಪ್ಲರ್ ಮುಟ್ಟುವ ಮೊದಲು ಮೊಬೈಲಿನಲ್ಲಿ ಮೂರು ಫೋಟೋ ತೆಗೆಯಿರಿ: ದೂರದಿಂದ ಒಂದು, ಹತ್ತಿರದಿಂದ ಒಂದು, ವೈರುಗಳ ಬಣ್ಣ ಕಾಣುವ ಹಾಗೆ ಒಂದು.

ಹಂತ 2: ಬೆಳಿಗ್ಗೆ ತಣ್ಣಗಿರುವಾಗ ಅಳೆಯಿರಿ

ಮಲ್ಟಿಮೀಟರ್ ಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಅಗ್ಗದ್ದು ಸಾಕು. ಇದಿಲ್ಲದೆ ಮುಂದಿನ ಒಂದು ಹೆಜ್ಜೆಯನ್ನೂ ಇಡಬೇಡಿ. ನನ್ನ ಕೇಳಿದರೆ ಸೆನ್ಸರಿಗಿಂತ ಮೊದಲು ಮೀಟರಿಗೆ ದುಡ್ಡು ಹಾಕಿ. ಸೆನ್ಸರ್ ಒಮ್ಮೆ ಬಳಕೆಗೆ ಬಂದರೆ ಮುಗಿಯಿತು, ಮೀಟರ್ ಮನೆಯ ಮಿಕ್ಸಿ ವೈರಿನಿಂದ ಮೋಟರಿನವರೆಗೆ ಎಲ್ಲಕ್ಕೂ ಆಗುತ್ತದೆ.

ರಾತ್ರಿಯಿಡೀ ನಿಂತ ಗಾಡಿಯ ಕಪ್ಲರ್ ಕಳಚಿ. ಕೀ ಆಫ್ ಇರಲಿ. ಮೀಟರನ್ನು ಓಮ್ಸ್ (ರೆಸಿಸ್ಟೆನ್ಸ್ ಅಳತೆ) ಕಡೆ 20 ಕೆ ರೇಂಜಿಗೆ ಇಟ್ಟು, ಸೆನ್ಸರಿನ ಎರಡು ಪಿನ್ನುಗಳಿಗೆ ಎರಡು ಪ್ರೋಬ್ ಹಿಡಿಯಿರಿ. ಯಾವುದು ಎಲ್ಲಿ ಅನ್ನುವ ಚಿಂತೆ ಬೇಡ, ಇದಕ್ಕೆ ಪ್ಲಸ್ ಮೈನಸ್ ಇಲ್ಲ. ಮಾರುತಿ, ಹ್ಯುಂಡೈಗಳ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚು ಕಮ್ಮಿ ಬರುವ ಲೆಕ್ಕ ಹೀಗಿದೆ: 20 ಡಿಗ್ರಿಗೆ 2,200ರಿಂದ 2,700 ಓಮ್ಸ್, 40 ಡಿಗ್ರಿಗೆ 1,100ರ ಆಸುಪಾಸು, 80 ಡಿಗ್ರಿಗೆ 300ರ ಆಸುಪಾಸು. ನಮ್ಮಲ್ಲಿ ಏಪ್ರಿಲ್ ಬೆಳಗಿನ ಹೊತ್ತಿಗೆ 1,600–2,000 ಬಂದರೆ ಸೆನ್ಸರ್ ಬದುಕಿದೆ ಅಂತ ಅರ್ಥ. ಬೇರೆ ಕಂಪನಿಯ ಗಾಡಿಗಳಿಗೆ ಲೆಕ್ಕ ಬೇರೆ ಇರಬಹುದು. ಆದರೆ ತಣ್ಣಗಿದ್ದಾಗ ಜಾಸ್ತಿ, ಬಿಸಿಗೆ ಕಮ್ಮಿ ಅನ್ನುವುದು ಎಲ್ಲಕ್ಕೂ ಒಂದೇ.

ಮೀಟರಿನ ಎಡತುದಿಯಲ್ಲಿ ಬರೀ 1 ಬಂದು ನಿಂತರೆ ಸೆನ್ಸರ್ ಒಳಗೇ ಕಡಿದಿದೆ. ಸೊನ್ನೆ ತೋರಿಸಿದರೆ ಒಳಗೇ ಶಾರ್ಟ್. ಈ ಎರಡರಲ್ಲಿ ಯಾವುದು ಬಂದರೂ ಹೊಸದು ತರಲು ಹೊರಡಬಹುದು. ಉಳಿದವರೆಲ್ಲ ಅವಸರಪಡದೆ ಮೂರನೇ ಹಂತಕ್ಕೆ ಬನ್ನಿ.

ಸ್ಕ್ಯಾನರ್ ಇದ್ದವರಿಗೆ ಇನ್ನೂ ಸುಲಭ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಮಾತ್ರ ಆನ್ ಮಾಡಿ ಲೈವ್ ಡೇಟಾದಲ್ಲಿ ಕೂಲಂಟ್ ಟೆಂಪರೇಚರ್ ಮತ್ತು ಒಳಗೆ ಎಳೆಯುವ ಗಾಳಿಯ ಟೆಂಪರೇಚರ್ ನೋಡಿ. ರಾತ್ರಿ ಪೂರ್ತಿ ನಿಂತ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಒಂದು 26, ಇನ್ನೊಂದು 8 ಅಂತ ಬಂದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಆದರೆ 2010ಕ್ಕಿಂತ ಹಿಂದಿನ ಎಷ್ಟೋ ಗಾಡಿಗಳ ಜೊತೆ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮಾತೇ ಆಡುವುದಿಲ್ಲ. ಸ್ಕ್ಯಾನರ್ ಕೆಟ್ಟಿದೆ ಅಂತ ಅದನ್ನು ವಾಪಸ್ ಕೊಡಲು ಹೋಗಬೇಡಿ.

ಹಂತ 3: ಕಪ್ಲರ್ ಮತ್ತು ವೈರ್, ಅಸಲಿ ಕಳ್ಳ ಇಲ್ಲೇ

ತಣ್ಣಗಿದ್ದಾಗ ಎಲ್ಲ ಸರಿ, ಬಿಸಿಯಾದ ಮೇಲೆ ಹೊಗೆ. ಈ ದೂರು ಕೇಳಿದ ಕೂಡಲೇ ನಾನು ಕಪ್ಲರ್ ನೋಡುತ್ತೇನೆ. ಯಾಕೆ ಅನ್ನುವ ಲೆಕ್ಕ ಸಣ್ಣದು. ಕಿಲುಬು ಹಿಡಿದ ಪಿನ್ನಿನಿಂದ 300 ಓಮ್ಸ್ ಹೆಚ್ಚಾಗಿ ಸೇರಿತು ಅಂದುಕೊಳ್ಳಿ. ಬೆಳಿಗ್ಗೆ ಸೆನ್ಸರಿನದೇ 2,000 ಇರುವಾಗ ಅದಕ್ಕೆ 300 ಸೇರಿದರೆ ಇಸಿಎಂಗೆ ಮೂರ್ನಾಲ್ಕು ಡಿಗ್ರಿಯ ವ್ಯತ್ಯಾಸ, ಗೊತ್ತೇ ಆಗುವುದಿಲ್ಲ. ಇಂಜಿನ್ 80 ಡಿಗ್ರಿ ಮುಟ್ಟಿದಾಗ ಸೆನ್ಸರಿನದು ಬರೀ 300. ಅದಕ್ಕೆ ಇನ್ನೊಂದು 300 ಸೇರಿ 600 ಆಯಿತು. 600 ಅಂದರೆ ಇಸಿಎಂ ಲೆಕ್ಕದಲ್ಲಿ 60 ಡಿಗ್ರಿ. ಇಂಜಿನ್ ಇನ್ನೂ ಕಾದಿಲ್ಲ ಅಂತ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಫ್ಯಾನ್ ಹಾಕುವುದನ್ನೂ ತಡಮಾಡುತ್ತದೆ. ಸೆನ್ಸರ್ ಬದಲಿಸಿದರೂ ಆ 300 ಅಲ್ಲೇ ಉಳಿಯುತ್ತದೆ. ನನ್ನ ಅಳಿಯನ ಗಾಡಿಯಲ್ಲಿ ಆಗಿದ್ದು ಇದೇ.

ಆದ್ದರಿಂದ ಕಪ್ಲರಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಪುಡಿ, ಕೂಲಂಟ್ ಒಣಗಿದ ಕಲೆ, ಒಳಗೆ ಜಾರಿಹೋದ ಪಿನ್, ಒಣಗಿ ಉದುರುವ ರಬ್ಬರ್ ಸೀಲ್, ಇವುಗಳಲ್ಲಿ ಯಾವುದು ಕಂಡರೂ ಮೊದಲು ಅದನ್ನು ಸರಿ ಮಾಡಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಗಾಳಿಯಲ್ಲಿ ಪೂರ್ತಿ ಒಣಗಲು ಬಿಡಿ. ಎಮರಿ ಪೇಪರ್ ಹಾಕಬೇಡಿ. ಪಿನ್ನಿನ ಮೇಲಿನ ಲೇಪನ ಹೋದರೆ ಮಳೆಗಾಲದೊಳಗೆ ಮತ್ತೆ ಕಿಲುಬು ಬರುತ್ತದೆ. ಕಪ್ಲರ್ ಕಡೆಯ ಪಿನ್ ಸಡಿಲ ಅನ್ನಿಸಿದರೆ ಸಣ್ಣ ಸೂಜಿಯಿಂದ ಚೂರೇ ಚೂರು ಬಿಗಿ ಮಾಡಿ.

ಈಗ ಕಪ್ಲರ್ ಕಳಚಿದ ಹಾಗೇ ಇಟ್ಟು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಪ್ರೋಬನ್ನು ಬ್ಯಾಟರಿ ಮೈನಸ್‌ಗೆ ಕೊಡಿ. ಕಪ್ಲರಿನ ಒಂದು ಪಿನ್ನಿನಲ್ಲಿ 5 ವೋಲ್ಟಿನ ಹತ್ತಿರ ಬರಬೇಕು. ಇನ್ನೊಂದರಲ್ಲಿ ಸೊನ್ನೆ. ಬಳಿಕ ಕೆಂಪು ಪ್ರೋಬನ್ನು 5 ವೋಲ್ಟ್ ಬಂದ ಪಿನ್ನಿಗೆ, ಕಪ್ಪನ್ನು ಕಪ್ಲರಿನ ಇನ್ನೊಂದು ಪಿನ್ನಿಗೆ ಹಿಡಿಯಿರಿ. ಆಗಲೂ ಅಷ್ಟೇ ಬಂದರೆ ಅರ್ತ್ ವೈರ್ ಕೂಡಾ ಸರಿ. ಬರದಿದ್ದರೆ ವೈರಿಂಗಿನಲ್ಲಿ ಎಲ್ಲೋ ಕಡಿದಿದೆ, ಸೆನ್ಸರ್ ತರುವುದರಿಂದ ಏನೂ ಆಗುವುದಿಲ್ಲ. ಹಾಗಿದ್ದಾಗ ವೈರ್ ಕಟ್ಟಿನ ಉದ್ದಕ್ಕೂ ಇಲಿ ಕಡಿದ ಗುರುತು ಹುಡುಕಿ. ಸಂತೆಯಿಂದ ಬಂದ ಮಂಡಕ್ಕಿ ಚೀಲವನ್ನು ರಾತ್ರಿಯಿಡೀ ಡಿಕ್ಕಿಯಲ್ಲೇ ಬಿಟ್ಟ ಗಾಡಿಗಳಲ್ಲಿ ಇದು ಹೊಸದೇನಲ್ಲ.

ಇನ್ನೊಂದು ಪರೀಕ್ಷೆ: ಕಪ್ಲರ್ ಹಾಕಿ, ಇಂಜಿನ್ ಬಿಸಿ ಮಾಡಿ, ಐಡಲ್‌ನಲ್ಲಿ (ಆಕ್ಸಿಲೇಟರ್ ಒತ್ತದೆ) ಬಿಟ್ಟು ಕಪ್ಲರನ್ನು ಮೆಲ್ಲಗೆ ಅಲ್ಲಾಡಿಸಿ. ಫ್ಯಾನ್, ಬೆಲ್ಟ್ ಕಡೆ ಕೈ, ಶರ್ಟಿನ ತೋಳು, ಕೊರಳಲ್ಲಿನ ದಾರ ಹೋಗದಂತೆ ನೋಡಿಕೊಳ್ಳಿ. ಅಲ್ಲಾಡಿಸಿದಾಗ ಇಂಜಿನ್ ಸದ್ದು ಬದಲಾದರೆ ಅಥವಾ ಫ್ಯಾನ್ ಥಟ್ಟನೆ ಶುರುವಾದರೆ ಕಪ್ಲರನ್ನೇ ಬದಲಿಸಿ. ವೈರ್ ಸಮೇತ ಕಪ್ಲರ್ ಬಿಡಿಯಾಗಿ ಸಿಗುತ್ತದೆ.

ಹಂತ 4: ಸಾಮಾನು

ಸೆನ್ಸರೇ ಹೋಗಿದೆ ಅಂತ ಖಾತ್ರಿಯಾದ ಮೇಲೆ ಅಂಗಡಿಗೆ ಹೋಗಿ. ಪಿ.ಬಿ. ರಸ್ತೆಯ ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವಾಗ ಆರ್‌ಸಿ ಫೋಟೋ ಮತ್ತು ಸೆನ್ಸರಿನ ಫೋಟೋ ಜೊತೆಗಿರಲಿ. ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ವರ್ಷದ ಮೇಲೆ ಬೇರೆ ಬೇರೆ ಸೆನ್ಸರ್ ಬಂದಿರುತ್ತವೆ. ಕಪ್ಲರಿನ ಆಕಾರ, ಪಿನ್ನುಗಳ ಸಂಖ್ಯೆ, ಥ್ರೆಡ್ಡಿನ ದಪ್ಪ ಮೂರೂ ಕೂಡಬೇಕು.

ಜೊತೆಗೆ ಹೊಸ ವಾಷರ್ ಅಥವಾ ಓ ರಿಂಗ್ ಕೇಳಿ ತೆಗೆದುಕೊಳ್ಳಿ. ಡಬ್ಬದಲ್ಲಿ ಇಲ್ಲದಿದ್ದರೆ ಅಂಗಡಿಯವರು ತಾವಾಗಿ ಕೊಡುವುದಿಲ್ಲ. ಡೀಪ್ ಸಾಕೆಟ್ ಬೇಕು, ಹೆಚ್ಚಾಗಿ 19 ಎಂಎಂ; ಕೆಲವಕ್ಕೆ 17 ಅಥವಾ 22. ಡೀಪ್ ಸಾಕೆಟ್ ಇಲ್ಲದಿದ್ದರೆ ರಿಂಗ್ ಪಾನಾ ನಡೆಯುತ್ತದೆ. ಡಬಲ್ ಎಂಡ್ ಪಾನಾದಿಂದ ಹಿತ್ತಾಳೆಯ ಮೂಲೆ ಸವೆದುಹೋಗುತ್ತದೆ, ಬೇಡ. ಬ್ಯಾಟರಿ ಟರ್ಮಿನಲ್‌ಗೆ 10ರ ಪಾನಾ, ಅಗಲ ಬಾಯಿಯ ಟಬ್ಬು, ಫನಲ್, ಹಳೆಯ ಬಟ್ಟೆ, ತುಕ್ಕು ಬಿಡಿಸುವ ಸ್ಪ್ರೇ.

ಕೂಲಂಟ್ ವಿಷಯದಲ್ಲಿ ಮಾತ್ರ ಕಂಜೂಸ್ ಮಾಡಬೇಡಿ. ಚಿತ್ರದುರ್ಗದ ಕಡೆಯಿಂದ ಬಂದ ಗೆಳೆಯನೊಬ್ಬ "ಬೋರಿನ ನೀರೇ ಹಾಕೀನಣ್ಣ, ನೀರು ನೀರೇ ಅಲ್ಲೇನು?" ಅಂದ. ಅವನ ಹಳೆಯ ಸೆನ್ಸರ್ ಬಿಚ್ಚಿ ಅಂಗೈ ಮೇಲಿಟ್ಟೆ. ತುದಿಯ ಸುತ್ತ ಬೂದಿಬಣ್ಣದ ಗಟ್ಟಿ ಪದರ, ಉಗುರಿನಿಂದ ಕೆರೆದರೆ ಸುಣ್ಣದ ಹಾಗೆ ಪುಡಿಯಾಗಿ ಬಂತು. ಬಚ್ಚಲಿನ ಹಂಡೆಯ ತಳದಲ್ಲಿ ಕಟ್ಟುವುದೂ ಇದೇ. ಆ ಪದರದ ಒಳಗೆ ಕೂತ ಸೆನ್ಸರಿಗೆ ಬಿಸಿ ತಡವಾಗಿ ಮುಟ್ಟುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಪದರ ಕಟ್ಟಿರುತ್ತದೆ ಅನ್ನುವುದು ಇನ್ನೂ ದೊಡ್ಡ ಚಿಂತೆ. ಕಾನ್ಸಂಟ್ರೇಟ್ ಕೂಲಂಟ್ ತಂದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ. ರೆಡಿ ಮಿಕ್ಸ್ ತಂದರೆ ಏನೂ ಸೇರಿಸಬೇಡಿ, ಹಾಗೇ ಹಾಕಿ. ಯಾವುದು ಅಂತ ಡಬ್ಬದ ಮೇಲೆ ಬರೆದಿರುತ್ತದೆ.

ಹಂತ 5: ಹೊಸ ಸೆನ್ಸರನ್ನು ಗಾಡಿಗೆ ಹಾಕುವ ಮೊದಲು ಒಲೆಯ ಮೇಲೆ ನೋಡಿ

ಡೂಪ್ಲಿಕೇಟ್ ಮಾಲಿನ ಅನುಮಾನ ಇದ್ದವರಿಗೆ ಇದೊಂದೇ ಮದ್ದು, ಥರ್ಮಾಮೀಟರ್ ಕೂಡಾ ಬೇಡ. ಒಂದು ಲೋಟದಲ್ಲಿ ಐಸ್ ತುಂಡು ಹಾಕಿದ ನೀರು. ಒಂದು ಹಳೆಯ ಪಾತ್ರೆಯಲ್ಲಿ ಕುದಿಯುವ ನೀರು. ಐಸ್ ಕರಗುತ್ತಿರುವ ನೀರು 0 ಡಿಗ್ರಿ. ಕುದಿಯುವ ನೀರು ನಮ್ಮ ಕಡೆ 98. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ ಇನ್ನೂ ಎತ್ತರ, ಹಾಗಾಗಿ ಪೂರ್ತಿ 100 ಆಗುವ ಮೊದಲೇ ಕುದಿ ಬರುತ್ತದೆ.

ಸೆನ್ಸರಿಗೆ ದಾರ ಕಟ್ಟಿ, ಹಿತ್ತಾಳೆಯ ತುದಿ ಮಾತ್ರ ಮುಳುಗುವಂತೆ ಇಳಿಬಿಡಿ. ಪಾತ್ರೆಯ ತಳಕ್ಕೆ ತಾಗಬಾರದು, ಮೇಲಿನ ಪಿನ್ನುಗಳಿಗೆ ನೀರು ಹತ್ತಬಾರದು. ಎರಡು ನಿಮಿಷ ಬಿಟ್ಟು ಓಮ್ಸ್ ನೋಡಿ. ಮೇಲೆ ಹೇಳಿದ ಲೆಕ್ಕದ ಗಾಡಿಗಳಿಗೆ ಐಸಿನಲ್ಲಿ 5,500–6,000ದ ಆಸುಪಾಸು, ಕುದಿಯುವ ನೀರಲ್ಲಿ 200ರ ಆಸುಪಾಸು. ಕುದಿಯುವ ನೀರಿನ ಅಳತೆಗೆ ಮೀಟರನ್ನು 2000 ರೇಂಜಿಗೆ ಇಳಿಸಿ, ಇಲ್ಲದಿದ್ದರೆ ಅಂಕಿ ಸರಿಯಾಗಿ ಕಾಣುವುದಿಲ್ಲ. ನೀರು ಆರುತ್ತಾ ಹೋದಂತೆ ಅಂಕಿ ನಿಧಾನವಾಗಿ, ಎಲ್ಲೂ ಜಿಗಿಯದೆ ಏರಬೇಕು. ಮಧ್ಯೆ ಎಲ್ಲಾದರೂ ಥಟ್ಟನೆ 1 ಬಂದು ಮಾಯವಾದರೆ ಅಂಗಡಿಗೆ ವಾಪಸ್ ಕೊಡಿ. ಗಾಡಿಗೆ ಹಾಕಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ಹಂತ 6: ಗಾಡಿ ಆರಲಿ

ಓಡಿಸಿ ಬಂದ ಗಾಡಿಯ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುವುದು ಒಳಗಿನ ಒತ್ತಡದ ಲೆಕ್ಕ. ಆ ಒತ್ತಡದಲ್ಲಿ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯಿತು, ಎಲ್ಲ ಒಟ್ಟಿಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಒತ್ತಡ ಇಳಿಯುವ ಮೊದಲೇ ಮುಚ್ಚಳ ಕಿತ್ತ ಹಾಗೆ.

ಕನಿಷ್ಠ ನಾಲ್ಕು ಗಂಟೆ ಬಿಡಿ. ಏಪ್ರಿಲ್-ಮೇ ಬಿಸಿಲಲ್ಲಾದರೆ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಆರಕ್ಕೆ ಕೆಲಸಕ್ಕಿಳಿಯಿರಿ. ಮೇಲಿನ ಹೋಸ್ ಪೈಪನ್ನು ಬಟ್ಟೆ ಹಿಡಿದು ಅದುಮಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಇನ್ನೂ ಒತ್ತಡ ಇದೆ.

ಆಮೇಲೆ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಕಪ್ಲರ್ ಕಳಚಿ ಯಾರಾದರೂ ಕೀ ಹಾಕಿದರೆ ಫ್ಯಾನ್ ತಾನಾಗಿ ತಿರುಗಬಹುದು, ನಿಮ್ಮ ಕೈ ಅದರ ಪಕ್ಕದಲ್ಲೇ ಇರುತ್ತದೆ. ಸ್ಟೀರಿಯೋಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ.

ಕೂಲಂಟ್ ಎಷ್ಟು ಇಳಿಸಬೇಕು? ಬಣ್ಣ ಸ್ವಚ್ಛವಾಗಿದ್ದು ಈಚೆಗೆ ಹಾಕಿಸಿದ್ದಾದರೆ ಕೆಳಗಿನ ಡ್ರೈನ್ ಪ್ಲಗ್ಗಿನಿಂದ ಒಂದು ಒಂದೂವರೆ ಲೀಟರ್ ಇಳಿಸಿ, ಸೆನ್ಸರಿನ ಮಟ್ಟಕ್ಕಿಂತ ಕೆಳಗೆ ಬಂದರೆ ಸಾಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ. ಟಬ್ಬಿನಲ್ಲಿ ಹಿಡಿದು ಕೂಡಲೇ ಕ್ಯಾನಿಗೆ ತುಂಬಿ ಮುಚ್ಚಿಡಿ. ಕೂಲಂಟಿನ ಎಥಿಲಿನ್ ಗ್ಲೈಕಾಲ್ ಸಿಹಿ ಇರುತ್ತದೆ, ವಿಷ. ಬೀದಿಯ ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಅಂಗಳಕ್ಕೆ ಚೆಲ್ಲಿದರೆ ಬಹಳ ನೀರು ಹಾಕಿ ತೊಳೆಯಿರಿ.

ಹಂತ 7: ಬಿಚ್ಚುವುದು

ಕಪ್ಲರಿನ ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ಇಂಜಿನ್ ಬಿಸಿಗೆ ವರ್ಷಾನುಗಟ್ಟಲೆ ಬೆಂದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ.

ಸೆನ್ಸರಿನ ಬುಡದ ಧೂಳು ಒರೆಸಿ, ಸ್ಪ್ರೇ ಹೊಡೆದು ಹದಿನೈದು ನಿಮಿಷ ಕಾಯಿರಿ. ಸಾಕೆಟ್ ಪೂರ್ತಿ ಕೆಳಗೆ ಕೂತಿದೆ ಅಂತ ಕೈಯಿಂದ ಮುಟ್ಟಿ ನೋಡಿ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲ ಮಾಡಿ. ಹಿಡಿದ ತುಕ್ಕು ಬಿಡುವುದು ಆ ಸಣ್ಣ ಅಲುಗಾಟಕ್ಕೆ.

ಕಿರ್ರ್ ಅಂತ ಸದ್ದು ಬಂದು ಮೆತ್ತಗೆ ತಿರುಗುತ್ತಿದೆ ಅನ್ನಿಸಿದರೆ ನಿಲ್ಲಿಸಿ. ಸೆನ್ಸರ್ ಹಿತ್ತಾಳೆ, ಮನೆ ಅಲ್ಯುಮಿನಿಯಂ. ಹರಿಯುವುದು ಅಲ್ಯುಮಿನಿಯಂನ ಥ್ರೆಡ್ಡೇ. ಮತ್ತೆ ಸ್ಪ್ರೇ ಹೊಡೆಯಿರಿ, ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಅಂತ ನಿಧಾನವಾಗಿ ತನ್ನಿ. ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆಯಬೇಡಿ. ನಾನು ಒಮ್ಮೆ ಎಳೆದಿದ್ದೇನೆ. ಅರ್ಧ ಸೆನ್ಸರ್ ಕೈಗೆ ಬಂತು, ಅರ್ಧ ಒಳಗುಳಿಯಿತು. ಥರ್ಮೋಸ್ಟಾಟ್ ಮನೆಯನ್ನೇ ಬಿಚ್ಚಿ, ಚೀಲದಲ್ಲಿ ಹಾಕಿಕೊಂಡು, ಬಸ್ಸಿನಲ್ಲಿ ಲೇತ್ ಅಂಗಡಿಗೆ ಹೋಗಬೇಕಾಯಿತು. ಗಾಡಿ ಮೂರು ದಿನ ಕಲ್ಲಿನ ಮೇಲೆ ನಿಂತಿತ್ತು.

ಥ್ರೆಡ್ಡೇ ಇಲ್ಲದ, ಯು ಆಕಾರದ ಕ್ಲಿಪ್ ಸಿಕ್ಕಿಸಿದ ಪ್ಲಾಸ್ಟಿಕ್ ಸೆನ್ಸರ್ ನಿಮ್ಮ ಗಾಡಿಯಲ್ಲಿದ್ದರೆ ಪಾನಾ ಬೇಕಿಲ್ಲ. ಕ್ಲಿಪ್ ಎಳೆದು, ಸೆನ್ಸರನ್ನು ಸ್ವಲ್ಪ ಆಚೀಚೆ ತಿರುಗಿಸುತ್ತಾ ಹೊರಗೆ ಎಳೆಯಿರಿ. ಕ್ಲಿಪ್ ಇಂಜಿನ್ ಸಂದಿಗೆ ಬೀಳದಂತೆ ಕೆಳಗೆ ಬಟ್ಟೆ ಹಾಸಿ.

ಹಂತ 8: ಕೂರಿಸುವುದು

ಹಳೆಯ ವಾಷರ್ ತೂತಿನ ಬಾಯಿಗೇ ಅಂಟಿರಬಹುದು, ನೋಡಿ ಕೀಳಿ. ಎರಡು ವಾಷರ್ ಒಂದರ ಮೇಲೊಂದು ಕೂತರೆ ಸೋರುವುದು ಖಂಡಿತ. ಬಾಯಿಯನ್ನು ಬಟ್ಟೆಯಿಂದ ಒರೆಸಿ.

ಹೊಸದನ್ನು ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಇಡಿ. ಬೆರಳಿಗೆ ಬಿಗಿಯಾದ ಮೇಲೆ ಪಾನಾದಿಂದ ಕಾಲು ಸುತ್ತು, ಹೆಚ್ಚೆಂದರೆ ಅದಕ್ಕಿಂತ ಚೂರು ಜಾಸ್ತಿ. ಟಾರ್ಕ್ ಪಾನಾ ಇದ್ದರೆ ಹೆಚ್ಚಿನ ಗಾಡಿಗಳಿಗೆ 15 ನ್ಯೂಟನ್ ಮೀಟರ್ ಆಸುಪಾಸು. ಪಾನಾದ ಹಿಡಿಯನ್ನು ತುದಿಯಲ್ಲಿ ಹಿಡಿಯದೆ ಬುಡದ ಹತ್ತಿರ ಹಿಡಿದರೆ ಕೈ ತಾನಾಗಿ ಹದ ಕಲಿಯುತ್ತದೆ.

ಥ್ರೆಡ್‌ಗೆ ನಲ್ಲಿ ಕೆಲಸದ ಬಿಳಿ ಟೇಪ್ ಸುತ್ತುವವರಿದ್ದಾರೆ. ವಾಷರ್ ಇರುವ ಸೆನ್ಸರಿಗೆ ಅದು ಬೇಕಿಲ್ಲ. ಒಂದೇ ವೈರಿನ, ಮೀಟರ್ ಮುಳ್ಳಿನ ಸೆನ್ಸರಿಗೆ ಸುತ್ತಿದರಂತೂ ಹೊಸ ತೊಂದರೆ: ಅದು ಅರ್ತ್ ತೆಗೆದುಕೊಳ್ಳುವುದೇ ಥ್ರೆಡ್ಡಿನ ಮೂಲಕ. ಟೇಪ್ ಅಡ್ಡ ಬಂದರೆ ಮುಳ್ಳು ಏಳುವುದೇ ಇಲ್ಲ, ಗಾಡಿ ಕಾದರೂ ನಿಮಗೆ ಗೊತ್ತಾಗುವುದಿಲ್ಲ.

ಕಪ್ಲರ್ ಟಕ್ ಅನ್ನುವವರೆಗೆ ಒತ್ತಿ.

ಹಂತ 9: ತುಂಬುವುದು, ಗಾಳಿ ತೆಗೆಯುವುದು

ಸೆನ್ಸರ್ ಸರಿಯಾಗಿ ಹಾಕಿದವರೂ ಕೆಡುವುದು ಇಲ್ಲಿ. ಸೆನ್ಸರಿನ ತುದಿ ಗಾಳಿಯ ಗುಳ್ಳೆಯಲ್ಲಿ ನಿಂತರೆ ಅದು ಕೂಲಂಟ್ ಬಿಸಿಯನ್ನು ಅಳೆಯುವುದಿಲ್ಲ, ಗಾಳಿಯದನ್ನು ಅಳೆಯುತ್ತದೆ. ಫ್ಯಾನ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಇಂಜಿನ್ ಅತಿಯಾಗಿ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಯ ಕೆಳಗಿನ ಸೀಲ್) ಕೆಡಬಹುದು.

ಗಾಡಿಯ ಮೂಗು ಸ್ವಲ್ಪ ಮೇಲಿರುವಂತೆ ನಿಲ್ಲಿಸಿ. ಮನೆ ಗೇಟಿನ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ್ದು. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಡ್ರೈನ್ ಪ್ಲಗ್ ಮುಚ್ಚಿದ್ದೀರಾ ನೋಡಿ. ನಗಬೇಡಿ, ಮರೆತವರನ್ನು ಕಂಡಿದ್ದೇನೆ. ಒಳಗೆ ಹೀಟರ್ ಗುಂಡಿಯನ್ನು ಪೂರ್ತಿ ಬಿಸಿ ಕಡೆ ತಿರುಗಿಸಿ.

ಸಣ್ಣ ಧಾರೆಯಲ್ಲಿ ಕೂಲಂಟ್ ಸುರಿಯಿರಿ. ನಡುನಡುವೆ ಮೇಲಿನ ಹೋಸ್ ಪೈಪ್ ಅದುಮಿ ಬಿಡಿ, ಬುಳಬುಳ ಅಂತ ಗುಳ್ಳೆ ಬರುತ್ತದೆ. ಬಾಯಿಯವರೆಗೆ ತುಂಬಿದ ಮೇಲೆ ಬ್ಯಾಟರಿ ಟರ್ಮಿನಲ್ ಹಾಕಿ, ಮುಚ್ಚಳ ತೆಗೆದೇ ಇಟ್ಟು ಸ್ಟಾರ್ಟ್ ಮಾಡಿ. ಆಕ್ಸಿಲೇಟರ್ ಒತ್ತಬೇಡಿ. ಮಟ್ಟ ಇಳಿದಂತೆಲ್ಲ ಸೇರಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಮೇಲಿನ ಹೋಸ್ ಥಟ್ಟನೆ ಬಿಸಿಯಾಗುತ್ತದೆ. 82 ಅಥವಾ 88 ಡಿಗ್ರಿಗೆ ಥರ್ಮೋಸ್ಟಾಟ್ ಬಾಯಿ ತೆರೆದ ಗುರುತು ಅದು. ಆ ಹೊತ್ತಿಗೆ ಕೂಲಂಟ್ ಒಮ್ಮೆ ಉಕ್ಕಿ ಬರಬಹುದು, ಮುಖ ದೂರ ಇಡಿ. ಗುಳ್ಳೆ ನಿಂತು ಮಟ್ಟ ಸ್ಥಿರವಾದ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಗಾಡಿಯ ಪಕ್ಕದಲ್ಲೇ ನಿಂತಿರಿ. ಚಹಾ ಕುಡಿಯಲು ಒಳಗೆ ಹೋಗಬೇಡಿ.

ಕೂಡಲೇ ಆಫ್ ಮಾಡಬೇಕಾದ ಲಕ್ಷಣಗಳು: ಮುಳ್ಳು ಅರ್ಧ ದಾಟಿ ಸರಸರ ಏರುವುದು, ಇಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬರುವುದು, ಮುಳ್ಳು ಏರಿದರೂ ಮೇಲಿನ ಹೋಸ್ ತಣ್ಣಗೇ ಇರುವುದು. ಮೂರೂ ಹೆಚ್ಚಾಗಿ ಗಾಳಿ ಸಿಕ್ಕಿಕೊಂಡಿರುವುದನ್ನೇ ಹೇಳುತ್ತವೆ. ಗಾಡಿ ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಮೊದಲಿನಿಂದ ತುಂಬಿ.

ಹಂತ 10: ಓಡಿಸಿ ನೋಡಿ

ಸ್ಕ್ಯಾನರ್ ಇದ್ದರೆ ಕೋಡ್ ಅಳಿಸಿ. ಬ್ಯಾಟರಿ ಬಿಚ್ಚಿದ್ದರಿಂದ ಮೊದಲ ಒಂದೆರಡು ದಿನ ಐಡಲ್ ಸ್ವಲ್ಪ ಏರಿಳಿತ ಇರಬಹುದು, ಅದಕ್ಕೆ ಗಾಬರಿಯಾಗಿ ಮತ್ತೇನೋ ಬಿಚ್ಚಬೇಡಿ. ಎ.ಸಿ. ಹಾಕದೆ ಹರಿಹರದವರೆಗೆ ಹೋಗಿ ಬನ್ನಿ. ಬಂದ ಮೇಲೆ ಸೆನ್ಸರಿನ ಬುಡಕ್ಕೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಅದಕ್ಕೆ ಹತ್ತುತ್ತದೆ. ಮಾರನೇ ಬೆಳಿಗ್ಗೆ, ತಣ್ಣಗಿರುವಾಗ, ರೇಡಿಯೇಟರ್ ಮತ್ತು ರಿಸರ್ವ್ ಡಬ್ಬ ಎರಡರ ಮಟ್ಟ ನೋಡಿ ತುಂಬಿ. ಮೂರು ದಿನ ಹೀಗೆ ನೋಡಿ. ಒಂದು ಸಲ ಸ್ವಲ್ಪ ಇಳಿಯುವುದು ಸಹಜ, ದಿನಾ ಇಳಿದರೆ ಎಲ್ಲೋ ಸೋರುತ್ತಿದೆ.

ಮೈಲೇಜ್ ನೋಡಬೇಕೆಂದರೆ ಟ್ಯಾಂಕ್ ಫುಲ್ ಮಾಡಿಸಿ, ಚಿತ್ರದುರ್ಗಕ್ಕೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ. ಊರೊಳಗಿನ ಓಡಾಟದಲ್ಲಿ ಇದು ತಿಳಿಯುವುದಿಲ್ಲ.

ಇಷ್ಟಾದರೂ ಹೊಗೆ ನಿಲ್ಲದಿದ್ದರೆ

ಊರೊಳಗೆ ಮುಳ್ಳು ಸರಿ, ಹೈವೇಗೆ ಹೋದರೆ ಕೆಳಗಿಳಿಯುತ್ತದೆ ಅನ್ನುವುದಾದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ಇಂಜಿನ್ ನಿಜವಾಗಿಯೂ ಕಾಯುತ್ತಿಲ್ಲ, ಸೆನ್ಸರ್ ಇದ್ದದ್ದನ್ನೇ ಹೇಳುತ್ತಿದೆ. "ನಮ್ಮೂರಿನ ಬಿಸಿಲಿಗೆ ಬೇಕಿಲ್ಲ" ಅಂತ ಥರ್ಮೋಸ್ಟಾಟನ್ನೇ ಕಿತ್ತುಹಾಕಿದ ಗಾಡಿಗಳಲ್ಲೂ ಇದೇ ಕಥೆ, ಸೆಕೆಂಡ್ ಹ್ಯಾಂಡ್ ಕೊಂಡವರು ಒಮ್ಮೆ ಬಿಚ್ಚಿಸಿ ನೋಡಿ. ಥರ್ಮೋಸ್ಟಾಟ್ ಸರಿಯಿದ್ದು ಮುಳ್ಳು ಮಧ್ಯದಲ್ಲೇ ನಿಂತಿದ್ದರೆ ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಸ್ಪಾರ್ಕ್ ಪ್ಲಗ್. ಅಲ್ಲೂ ಸಿಗದಿದ್ದರೆ ಆಕ್ಸಿಜನ್ ಸೆನ್ಸರ್. ಅದು ಸೈಲೆನ್ಸರ್ ದಾರಿಯಲ್ಲಿ ಕೂತಿರುತ್ತದೆ, ಬಿಚ್ಚುವ ಪಾನಾ ಬೇರೆ, ಅಳೆಯುವ ರೀತಿಯೂ ಬೇರೆ; ಈ ಓಮ್ಸ್ ಲೆಕ್ಕ ಅದಕ್ಕೆ ಹೊಂದುವುದಿಲ್ಲ.